ಹೀರೊ ಬಂದ, ಆಮೇಲೆ?

2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಸಿನಿಮಾ ಟಿಕೆಟ್ಟಿಗೆ 200 ರೂಪಾಯಿಯ ಲಗಾಮು ಹಾಕಿದ್ದು, ತಿಂಗಳು ತುಂಬುವುದರೊಳಗೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿದ್ದು ನಿಮಗೆ ಗೊತ್ತೇ ಇದೆ. 2017ರಲ್ಲೂ ಇಂಥದ್ದೇ ಒಂದು ಪ್ರಯತ್ನ ಆಗಿತ್ತು. ಈ ಸಲದ ಆದೇಶದಲ್ಲಿ ಎಷ್ಟು ಕಾಳಜಿ ಇತ್ತು ನೋಡಿ: ತೆರಿಗೆ ಬೇರೆ, 75 ಅಥವಾ ಅದಕ್ಕೂ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ ಬೇರೆ. ರೂಪಾಯಿ ಎಣಿಸಿದರು, ಸೀಟು ಎಣಿಸಿದರು. ಕೊಟ್ಟ ದುಡ್ಡಿಗೆ ಕನಿಷ್ಠ ಇಷ್ಟು ಗ್ರಾಂ ಕತೆ ಇರತಕ್ಕದ್ದು ಎಂದು ಮಾತ್ರ ಯಾರೂ ಬರೆಯಲಿಲ್ಲ. ಬಿಸ್ಕತ್ ಪೊಟ್ಟಣದ ಮೇಲೂ ನಿವ್ವಳ ತೂಕ ಅಂತ ಇರುತ್ತೆ ಸ್ವಾಮಿ.

ಈ ಮಾತು ಯಾಕೆ ಬಂತೆಂದರೆ, ಹೋದ ಭಾನುವಾರ ಮಗನ ಜೊತೆ ಒಂದು ಸಿನಿಮಾಕ್ಕೆ ಹೋಗಿದ್ದೆ. ಹೆಸರು ಬೇಡ. ಅಭಿಮಾನಿಗಳಿಗೆ ನಮ್ಮ ಮನೆ ದೂರವಲ್ಲ. ಎರಡೂಮುಕ್ಕಾಲು ಗಂಟೆ ಕೂತು, ಕಿವಿ ಗುಂಯ್ ಅನ್ನಿಸಿಕೊಂಡು ಮನೆಗೆ ಬಂದರೆ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಏನೋ ಕತೆ?" ಅಂದಳು.

"ಹೀರೊ ಬಂದ."

"ಆಮೇಲೆ?"

"ವಿಲನ್ ಕಡೆಯವರು ಬಂದರು. ಹೀರೊ ಮತ್ತೆ ಬಂದ."

"ಮಧ್ಯೆ ಎಲ್ಲಿಗೆ ಹೋಗಿದ್ದ?"

ನಾನು ಮಗನ ಮುಖ ನೋಡಿದೆ. "ಅಜ್ಜಿ, ಅದು ಎಲಿವೇಶನ್" ಅಂದ ಅವನು, ಮೊಬೈಲಿನಿಂದ ತಲೆ ಎತ್ತದೆ.

ಹೀರೊನನ್ನು ಮತ್ತೆ ಮತ್ತೆ ಎತ್ತಿ ಮೆರೆಸುವುದಕ್ಕೆ ಈಗಿನವರು ಇಟ್ಟ ಹೆಸರು ಅದು. ನಮ್ಮಮ್ಮನ ಮುಂದೆ ಎಲಿವೇಶನ್ ನಡೆಯುವುದಿಲ್ಲ. 1972ರ 'ನಾಗರಹಾವು' ಹೊಸತರಲ್ಲಿ ನೋಡಿ ಬಂದು, ಟಿಕೆಟ್ಟಿಗೆ ದುಡ್ಡಿಲ್ಲದ ವಠಾರದ ಹೆಂಗಸರಿಗೆಲ್ಲ ಎರಡು ಸಂಜೆ ಕತೆ ಹೇಳಿದವಳು ಅವಳು. ಈಗಲೂ ಕೇಳಿದರೆ ತಡವರಿಸದೆ ಹೇಳುತ್ತಾಳೆ. ರಾಮಾಚಾರಿಗೆ ಚಾಮಯ್ಯ ಮೇಷ್ಟ್ರು ಅಂದರೆ ಪ್ರಾಣ, ಆದ್ದರಿಂದ ಅವರು ಬೇಡ ಅಂದಾಗ ಅಲಮೇಲುವನ್ನು ಬಿಟ್ಟುಕೊಟ್ಟ. ಬಿಟ್ಟುಕೊಟ್ಟಿದ್ದರಿಂದ ಆ ಹುಡುಗಿಯ ಬಾಳು ಬೀದಿಗೆ ಬಂತು. ಅದನ್ನು ಕಣ್ಣಾರೆ ಕಂಡಿದ್ದರಿಂದ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರ ಮಾತಿಗೆ ಬಗ್ಗಲಿಲ್ಲ. ಬಗ್ಗದ್ದರಿಂದ ದುರ್ಗದ ಬೆಟ್ಟದ ತುದಿ. ಒಂದೇ ಒಂದು 'ಆದ್ದರಿಂದ' ಕಿತ್ತರೂ ಬೆಟ್ಟ ಹತ್ತುವವರೇ ಇಲ್ಲ.

ನಾವು ನೋಡಿ ಬಂದ ಸಿನಿಮಾದಲ್ಲಿ 'ಆದ್ದರಿಂದ' ಇರಲಿಲ್ಲ, ಎಲ್ಲ 'ಅಷ್ಟರಲ್ಲಿ'. ಹೀರೊ ಟೀ ಕುಡಿಯುತ್ತಿದ್ದ, ಅಷ್ಟರಲ್ಲಿ ನಲವತ್ತು ಸುಮೊ ಬಂದವು. ತಾಯಿ ದೀಪ ಹಚ್ಚುತ್ತಿದ್ದಳು, ಅಷ್ಟರಲ್ಲಿ ಗಾಳಿ ಬಂತು. ಕತೆ ಶುರುವಾಗುತ್ತಿತ್ತು, ಅಷ್ಟರಲ್ಲಿ ಇಂಟರ್ವಲ್ ಬಂತು.

ಅಂದಹಾಗೆ, ಪುಟ್ಟಣ್ಣ ಕಣಗಾಲ್ 'ನಾಗರಹಾವು' ಎಂಬ ಆ ಒಂದು ಚಿತ್ರಕ್ಕೆ ತರಾಸು ಅವರ ಮೂರು ಕಾದಂಬರಿಗಳನ್ನು ಅರೆದಿದ್ದರು. ಆದರೂ ತರಾಸು ಅವರಿಗೆ ಸಮಾಧಾನವಾಗದೆ, ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರಂತೆ ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಎಂಥಾ ಐಷಾರಾಮದ ಜಗಳ! ಕತೆ ಇದ್ದವರಿಗೆ ಮಾತ್ರ ಬರುವ ಜಗಳ. ಅಂದು ಮೂರು ಕಾದಂಬರಿಗೆ ಒಂದು ಸಿನಿಮಾ, ಇಂದು ಅರ್ಧ ಸಾಲಿಗೆ ಮೂರು ಭಾಗ. ಹಾವಿಲ್ಲ, ಕೇರೆಯೂ ಇಲ್ಲ. ಹುತ್ತಕ್ಕೆ ಹತ್ತು ಕೋಟಿಯ ಸೆಟ್.

ಶಾಸ್ತ್ರ ಬಿಟ್ಟು ನಡೆಯುತ್ತಿದ್ದಾರೆ ಎಂದು ಗಾಂಧಿನಗರದ ಮೇಲೆ ಅಪವಾದ ಹೊರಿಸಬೇಡಿ. ನಾಟ್ಯಶಾಸ್ತ್ರ ಕತೆಗೆ ಹೇಳಿದ ಐದು ಅರ್ಥಪ್ರಕೃತಿಗಳನ್ನೂ, ಅಂದರೆ ಕತೆ ಕಟ್ಟುವ ಐದು ಅಂಗಗಳನ್ನೂ, ನಮ್ಮವರು ಚಾಚೂ ತಪ್ಪದೆ ಪಾಲಿಸುತ್ತಾರೆ: ಬೀಜ, ಬಿಂದು, ಪತಾಕೆ, ಪ್ರಕರಿ, ಕಾರ್ಯ. ಬೀಜ ಎಂದರೆ ವಂಶ. ಹುಡುಗ ಯಾರ ಮಗ ಅನ್ನುವುದು ಖಚಿತವಾದರೆ ಬಂಡವಾಳ ತಾನಾಗಿ ಮೊಳೆಯುತ್ತದೆ. ಕತೆಯ ಎಳೆ ತುಂಡಾದಲ್ಲಿ ಮತ್ತೆ ಬೆಸೆಯಲಿ ಎಂದು ಭರತ ಬಿಂದುವನ್ನು ಇಟ್ಟ. ನಮ್ಮಲ್ಲಿ ಅದು ಕಟೌಟಿನ ಮೂಗಿನ ತುದಿಯಲ್ಲಿ ತೊಟ್ಟಿಕ್ಕುವ ಹಾಲಿನ ಹನಿ. ಪತಾಕೆ ಎಂದರೆ ರಾಮಾಯಣದ ಸುಗ್ರೀವನ ಹಾಗೆ ಮುಖ್ಯ ಕತೆಯ ಜೊತೆಜೊತೆಗೇ ಸಾಗಿ ಅದಕ್ಕೆ ಹೆಗಲು ಕೊಡುವ ಉಪಕತೆ. ಈಗ ಅದು ಬೈಕ್ ರ್‍ಯಾಲಿಯ ಬಾವುಟ. ಕಾರ್ಯ ಮೊದಲೆಲ್ಲ ಕೊನೆಗೆ ಕೈಗೂಡುವ ಗುರಿಯಾಗಿತ್ತು. ಈಗ ಹನ್ನೊಂದನೇ ದಿನಕ್ಕೆ ನಡೆಯುವಂಥದ್ದು, ನಿರ್ಮಾಪಕನದು.

ಪ್ರಕರಿಯನ್ನು ಬಿಟ್ಟೆ. ಹೀಗೆ ಬಂದು ಹಾಗೆ ಹೋಗುವ ತುಣುಕು ಪ್ರಸಂಗ ಅದು. ನಮ್ಮಲ್ಲಿ ಅದನ್ನು ನಾಯಕಿ ಅನ್ನುತ್ತಾರೆ.

ನಾವು ನೋಡಿದ ಚಿತ್ರದ ನಾಯಕಿ ಡಾಕ್ಟರು. ಮೊದಲ ಸೀನಿನಲ್ಲಿ ಕೊರಳಿಗೆ ಸ್ಟೆತೊಸ್ಕೋಪ್ ಇತ್ತು, ಸುಳ್ಳು ಹೇಳಬಾರದು. ಆಮೇಲೆ ಸುಮಾರು ಇನ್ನೂರು ಜನ ಏಟು ತಿಂದು ಅವಳ ಕಣ್ಣೆದುರೇ ಬಿದ್ದರು. ಆ ತಾಯಿ ಒಬ್ಬನ ನಾಡಿಯನ್ನೂ ಹಿಡಿಯಲಿಲ್ಲ. ಮಂಜಿನ ಬೆಟ್ಟದಲ್ಲಿ ತೆಳು ಸೀರೆ ಉಟ್ಟು ಒಂದು ಹಾಡು ಹಾಡಿ ಮಾಯವಾದವಳು ಕ್ಲೈಮ್ಯಾಕ್ಸಿಗೆ ಕೈಕಟ್ಟಿಸಿಕೊಂಡು ಹಾಜರಾದಳು. ಡಾಕ್ಟರ್ ಆಗದೆ ಅಂಚೆ ಪೇದೆ ಆಗಿದ್ದರೂ ಒಂದು ಫ್ರೇಮ್ ಬದಲಾಗುತ್ತಿರಲಿಲ್ಲ. ಅಂಚೆ ಪೇದೆಯಾದರೆ ಒಂದು ಕಾಗದವನ್ನಾದರೂ ತಂದುಕೊಡುತ್ತಿದ್ದಳೇನೋ, ಅದರಿಂದ ಕತೆ ಎರಡು ಹೆಜ್ಜೆ ಮುಂದಕ್ಕೆ ಹೋಗುತ್ತಿತ್ತು.

ಇಲ್ಲಿಗೆ ಬಂದಾಗ ನನಗೆ ನಗು ನಿಂತುಹೋಗುತ್ತದೆ. ಡ್ರೋನಿಗೆ ದುಡ್ಡಿದೆ, ಗ್ರಾಫಿಕ್ಸಿಗೆ ದುಡ್ಡಿದೆ, ಊರೂರಿಗೆ ವಿಮಾನದಲ್ಲಿ ಹಾರಿ ಐದು ಭಾಷೆಯಲ್ಲಿ ನಮಸ್ಕಾರ ಹೇಳಲು ದುಡ್ಡಿದೆ. ಒಬ್ಬ ಬರಹಗಾರನನ್ನು ಆರು ತಿಂಗಳು ಕೂರಿಸಿ ಊಟ ಹಾಕಲು ಇಲ್ಲ. ಹೀರೊನ ಡೇಟ್ ಮೊದಲು, ರಿಲೀಸ್ ಡೇಟ್ ಆಮೇಲೆ, ಫೈಟಿನ ಸೆಟ್ ಅದಾದ ಮೇಲೆ. ಇವೆಲ್ಲದರ ಸಂದಿಯಲ್ಲಿ ತುರುಕಲು ಯಾರೋ ಹುಡುಗ ರಾತ್ರೋರಾತ್ರಿ ಏನೋ ಗೀಚಿಕೊಡುತ್ತಾನೆ. ಅವನಿಗೂ ಷರತ್ತು: ಹೀರೊ ಸೋಲಬಾರದು, ಹೆದರಬಾರದು, ತಪ್ಪು ಮಾಡಬಾರದು. ತಪ್ಪೇ ಮಾಡದವನಿಗೆ ಕತೆ ಎಲ್ಲಿಂದ ಬರಬೇಕು? ರಾಮಾಚಾರಿ ಮೇಷ್ಟ್ರ ಮಾತನ್ನು ಕುರುಡಾಗಿ ನಂಬಿ ಎಡವಿದ್ದಕ್ಕೇ ನಮ್ಮಮ್ಮ ಐವತ್ತು ವರ್ಷದ ಮೇಲೂ ಅವನನ್ನು ಬೈಯುತ್ತಾಳೆ, ಬೈದು ಕಣ್ಣೊರೆಸಿಕೊಳ್ಳುತ್ತಾಳೆ. ಭಾನುವಾರದ ಹೀರೊಗೆ ಗುಂಡು ತಾಗಲಿಲ್ಲ, ಬೆವರೂ ಬರಲಿಲ್ಲ. ಸೋಮವಾರಕ್ಕೆ ಅವನ ಪಾತ್ರದ ಹೆಸರೇ ನನಗೆ ಮರೆತುಹೋಯಿತು. ಫ್ಲಾಪ್ ಆದರೆ ಮಾತ್ರ ಕನ್ನಡದವರು ಕನ್ನಡ ಸಿನಿಮಾ ನೋಡಲ್ಲ ಎಂದು ಟೀವಿಯಲ್ಲಿ ಅಳುತ್ತಾರೆ. ನೋಡಿದೆನಲ್ಲಪ್ಪ! ಪಾಪ್‌ಕಾರ್ನ್ ಸಮೇತ ನೋಡಿದೆ.

ಕೊನೆಯಲ್ಲಿ ಪರದೆ ಕಪ್ಪಾಗಿ 'ಭಾಗ 2ರಲ್ಲಿ ಮುಂದುವರಿಯುವುದು' ಅಂತ ಬಂತು. ಏನು ಮುಂದುವರಿಯುವುದು ಎಂದು ಪಕ್ಕದ ಸೀಟಿನವರನ್ನು ಕೇಳಿದೆ. ಅವರು ಚಪ್ಪಲಿ ಹುಡುಕುತ್ತಿದ್ದರು.

ಮಗ ಆಗಲೇ ಎರಡನೇ ಭಾಗಕ್ಕೆ ಮೊದಲ ದಿನದ ಮೊದಲ ಶೋ ಅಂತ ಕುಣಿಯುತ್ತಿದ್ದಾನೆ. ಬುಕಿಂಗ್ ತೆರೆದ ದಿನ ಮೂರು ಸೀಟು ಹಿಡಿಯಪ್ಪ ಎಂದಿದ್ದೇನೆ. ಅಮ್ಮನೂ ಬರುತ್ತಾಳಂತೆ. ಹೀರೊ ಮಧ್ಯೆ ಎಲ್ಲಿಗೆ ಹೋಗಿದ್ದ ಅಂತ ಅವಳಿಗೆ ಇನ್ನೂ ಯಾರೂ ಹೇಳಿಲ್ಲ.