ಗ್ರೂಪಿಗೆ ಹಾಕಿದ್ವಲ್ಲ ಆಂಟಿ!

ಈಗಷ್ಟೇ ಒಂದು ಷಷ್ಟ್ಯಬ್ದಿಯ ಊಟ ಮುಗಿಸಿ ಬಂದಿದ್ದೇನೆ. ಊಟದ ಮೇಲೆ ದೂರಿಲ್ಲ, ಹಯಗ್ರೀವ ಚೆನ್ನಾಗಿತ್ತು. ಸಿಟ್ಟೆಲ್ಲ ಛತ್ರದ ವೇದಿಕೆ ಪಕ್ಕ ನಿಲ್ಲಿಸಿದ್ದ ಆ ದೊಡ್ಡ ಎಲ್‌ಇಡಿ ಪರದೆಯ ಮೇಲೆ. ಮಕ್ಕಳು ಒಬ್ಬರು ಪುಣೆ, ಒಬ್ಬರು ದುಬೈ, ಇನ್ನೊಬ್ಬರು ನ್ಯೂಜೆರ್ಸಿ. ಮೂವರೂ ಸೇರಿ ಅಪ್ಪನ ಅರವತ್ತು ವರ್ಷವನ್ನು ಸ್ಲೈಡ್ ಶೋ ಮಾಡಿಸಿದ್ದರು. ಮೊಮ್ಮಗಳ ನಾಮಕರಣದ ಫೋಟೊದಲ್ಲಿ ಮಗುವಿನ ಮುಖ ಯಾವುದು, ತೊಟ್ಟಿಲಿಗೆ ಕಟ್ಟಿದ ಹೂವು ಯಾವುದು ಗೊತ್ತಾಗದಷ್ಟು ಚೌಕ ಚೌಕ. ಗೃಹಪ್ರವೇಶದ್ದು ವಿಡಿಯೊ ಕಾಲ್‌ನ ಸ್ಕ್ರೀನ್‌ಶಾಟು. ಒಳಗೆ ಬರುತ್ತಿರುವ ಹಸುವಿನ ಕೊಂಬಿನ ಮೇಲೆ ಸರಿಯಾಗಿ ಬ್ಯಾಟರಿ ಚಿಹ್ನೆ, 23 ಪರ್ಸೆಂಟು. ಒರಿಜಿನಲ್ ಯಾರ ಹತ್ತಿರ ಇದೆಯಪ್ಪಾ ಅಂದರೆ ಪುಣೆಯವರು ದುಬೈ ಕಡೆ ಕೈ ತೋರಿಸಿದರು, ದುಬೈಯವರು ನ್ಯೂಜೆರ್ಸಿ ಕಡೆ. ಕೊನೆಗೆ ಒಕ್ಕೊರಲಿನ ಉತ್ತರ: "ಗ್ರೂಪಿಗೆ ಹಾಕಿದ್ವಲ್ಲ ಆಂಟಿ!"

ವಾಟ್ಸಾಪ್ ಗ್ರೂಪಿಗೆ ಕಳಿಸುವುದು ಬೇರೆ, ಜೋಪಾನವಾಗಿ ಇಡುವುದು ಬೇರೆ. ನನ್ನ ಫೇಸ್‌ಬುಕ್ ಗೋಡೆ ಓದುವವರಿಗೆ ಈ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿರಬೇಕು. ಸ್ಕ್ಯಾನರ್ ಮುಂದೆಯೇ ಕೂದಲು ನರೆಸಿಕೊಂಡವಳು ನಾನು, ಇನ್ನೇನು ಹೇಳಲಿ? ಬೇಜಾರಾದವರು ಸ್ಕ್ರೋಲ್ ಮಾಡಿಕೊಂಡು ಮುಂದೆ ಹೋಗಿ.

ಲೆಕ್ಕ ನೋಡಿ. ಸಾಧಾರಣ ಫೋನಿನ 12 ಮೆಗಾಪಿಕ್ಸೆಲ್ ಚಿತ್ರವೆಂದರೆ ಉದ್ದಕ್ಕೆ 4000, ಅಗಲಕ್ಕೆ 3000 ಪಿಕ್ಸೆಲ್, ಅಂದರೆ ಚಿತ್ರದ ಬಣ್ಣದ ಚುಕ್ಕೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಆ ಉದ್ದ ಸುಮಾರು 1600ಕ್ಕೆ, ಅಗಲ 1200ಕ್ಕೆ ಇಳಿಯುತ್ತದೆ. ಅಂದರೆ ಒಟ್ಟು ಪಿಕ್ಸೆಲ್‌ನ ಆರು ಪಾಲಿನಲ್ಲಿ ಸುಮಾರು ಐದು ಪಾಲು ಹೋಯಿತು. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. 1600ನ್ನು 300ರಿಂದ ಭಾಗಿಸಿದರೆ ಐದೂಕಾಲು ಇಂಚು ಚಿಲ್ಲರೆ. ಆಲ್ಬಮ್ಮಿನ 4x6 ಕಾರ್ಡಿಗೇ ಸಾಲದ್ದನ್ನು ಗೋಡೆಯಷ್ಟು ಎತ್ತರದ ಪರದೆಗೆ ಹಾಕಿಸಿ, ಹಿಂದೆ ಕೊಳಲು ಬಾರಿಸಿಬಿಟ್ಟರೆ ಮುಖ ಕಾಣಿಸುತ್ತದೆಯೇ? ಬರೀ ಫಾರ್ವರ್ಡ್ ಒತ್ತಿದರೆ ಪರವಾಗಿಲ್ಲ, ಹಾಳಾದದ್ದು ಅಷ್ಟಕ್ಕೇ ನಿಲ್ಲುತ್ತದೆ. ಗ್ಯಾಲರಿಗೆ ಇಳಿಸಿ, ಕ್ರಾಪ್ ಮಾಡಿ, ಗುಲಾಬಿ ಹೂವಿನ ಬಾರ್ಡರ್ ಹಾಕಿ ಮತ್ತೆ ಕಳಿಸುವ ಚಿಕ್ಕಮ್ಮಂದಿರು ಎಲ್ಲ ಮನೆಯಲ್ಲೂ ಇರುತ್ತಾರೆ. ಅಲ್ಲಿ ಇನ್ನೊಂದು ಸುತ್ತು ಹಿಂಡುತ್ತದೆ. 2023ರಲ್ಲಿ ಎಚ್‌ಡಿ ಅಂತ ಒಂದು ಗುಂಡಿ ಬಂತು. ಒತ್ತಿದರೆ ಮೊದಲಿಗಿಂತ ವಾಸಿ, ಆದರೆ ಅದೂ ಒರಿಜಿನಲ್ ಅಲ್ಲ.

ಪಿಕ್ಸೆಲ್ ಹೋದರೆ ಹೋಗಲಿ ಅನ್ನೋಣ. ದಿನಾಂಕವೂ ಹೋಗುತ್ತದಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಕ್ಯಾಮೆರಾದಿಂದ ಬಂದ ಕಡತದ ಒಳಗೇ ಎಕ್ಸಿಫ್ ಎಂಬ ಮಾಹಿತಿ ಇರುತ್ತದೆ: ತೆಗೆದ ದಿನ, ಗಂಟೆ, ನಿಮಿಷ, ಯಾವ ಫೋನು, ಲೊಕೇಶನ್ ಆನ್ ಇದ್ದರೆ ಯಾವ ಊರು. ಫೋಟೊ ಎಂದು ಕಳಿಸಿದಾಗ ವಾಟ್ಸಾಪ್ ಇದನ್ನೆಲ್ಲ ಕಿತ್ತುಹಾಕುತ್ತದೆ. ಆಂಡ್ರಾಯ್ಡ್‌ನಲ್ಲಿ ಐಎಂಜಿ, ಆಮೇಲೆ ಎಂಟು ಅಂಕಿ, ಆಮೇಲೆ ಡಬ್ಲ್ಯುಎ ಎಂದಿರುವ ಹೆಸರು ನೋಡಿದ್ದೀರಲ್ಲ? ಆ ಎಂಟು ಅಂಕಿ ಫೋಟೊ ತೆಗೆದ ದಿನವಲ್ಲ, ಗ್ರೂಪಿಗೆ ಬಂದ ದಿನ. 2016ರ ಚೌಲದ ಚಿತ್ರವನ್ನು ಯಾರೋ 2024ರಲ್ಲಿ "ಓಲ್ಡ್ ಮೆಮೊರೀಸ್" ಎಂದು ಕಳಿಸಿದರೆ ನಿಮ್ಮ ಗ್ಯಾಲರಿಯಲ್ಲಿ ಅದು 2024ರ ಗೌರಿ ಹಬ್ಬದ ಪಕ್ಕ ಕೂರುತ್ತದೆ.

ಬೇರೆ ಬೇರೆ ದೇಶದಲ್ಲಿರುವವರ ಪಾಡು ಇನ್ನೂ ಚೆಂದ. ಜುಲೈ ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿ ರಾತ್ರಿ 11ಕ್ಕೆ ಹುಟ್ಟಿದ ಮಗುವಿನ ಮೊದಲ ಫೋಟೊ ಶಿವಮೊಗ್ಗದ ಅಜ್ಜಿಯ ಫೋನಿಗೆ ಬರುವಾಗ ಇಲ್ಲಿ ಮಾರನೇ ದಿನ ಬೆಳಗ್ಗೆ ಎಂಟೂವರೆ. ಕಡತದ ಹೆಸರಲ್ಲಿ ಮಾರನೇ ತಾರೀಖು. ಹತ್ತು ವರ್ಷ ಕಳೆದ ಮೇಲೆ ಅಜ್ಜಿ ಫೋನು ತೋರಿಸಿ "ನೋಡು, ನೀನು ಹುಟ್ಟಿದ್ದು ಈ ದಿನ" ಅಂದರೆ ತಪ್ಪು ಅಜ್ಜಿಯದಲ್ಲ. ಸಮಾರಂಭದ ದಿನವೂ ಇದೇ ಗೋಳು. ಬಾಡಿಗೆ ಫೋಟೊಗ್ರಾಫರ್ ಕ್ಯಾಮೆರಾದ ಗಡಿಯಾರ ಇಪ್ಪತ್ತು ನಿಮಿಷ ಮುಂದೆ, ದುಬೈ ಮಾವ ತಂದ ಕ್ಯಾಮೆರಾ ಒಂದೂವರೆ ಗಂಟೆ ಹಿಂದೆ. ಎಲ್ಲ ಒಂದೇ ಫೋಲ್ಡರಿಗೆ ಸುರಿದರೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮೊದಲೇ ಊಟ ಬಡಿಸಿ ಆಗಿರುತ್ತದೆ. ಮದ್ದು ಸುಲಭ: ಶಾಸ್ತ್ರ ಶುರುವಾಗುವ ಮೊದಲು ಪ್ರತಿ ಕ್ಯಾಮೆರಾದಲ್ಲೂ ಒಂದೇ ಫೋನಿನ ಗಡಿಯಾರದ ಫೋಟೊ ತೆಗೆದುಬಿಡಿ, ಸೆಕೆಂಡು ಕಾಣುವ ಹಾಗೆ. ಆಮೇಲೆ ಯಾವ ಕ್ಯಾಮೆರಾ ಎಷ್ಟು ನಿಮಿಷ ಆಚೀಚೆ ಎಂದು ಗೊತ್ತಾಗುತ್ತದೆ. ಅದರ ಫೋಟೊಗಳ ಸಮಯವನ್ನು ಒಟ್ಟಿಗೆ ಸರಿಸುವ ಉಚಿತ ತಂತ್ರಾಂಶಗಳಿವೆ.

ವಾಟ್ಸಾಪೇ ಬೇಕು ಅನ್ನುವವರು ಪೇಪರ್ ಕ್ಲಿಪ್ ಚಿಹ್ನೆ ಒತ್ತಿ, ಗ್ಯಾಲರಿ ಬದಲು ಡಾಕ್ಯುಮೆಂಟ್ ಆಯ್ದು, ಅಲ್ಲಿಂದ ಫೋಟೊ ಹುಡುಕಿ ಕಳಿಸಿ. ಒಂದು ಕಡತ 2 ಜಿಬಿವರೆಗೆ ಹೋಗುತ್ತದೆ. ಕುಗ್ಗುವುದಿಲ್ಲ, ದಿನಾಂಕವೂ ಉಳಿಯುತ್ತದೆ. ಪಡೆದವರು ಆಗಲೇ ಇಳಿಸಿಕೊಳ್ಳಬೇಕು. ಕೆಲವು ವಾರ ಬಿಟ್ಟು ಒತ್ತಿದರೆ, ಮತ್ತೆ ಕಳಿಸಲು ಹೇಳಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಅಷ್ಟರಲ್ಲಿ ಕಳಿಸಿದವರು ಫೋನು ಬದಲಿಸಿರುತ್ತಾರೆ.

"ಗೂಗಲ್ ಫೋಟೋಸ್‌ನಲ್ಲಿದೆ ಬಿಡಿ" ಎಂಬುದು ಮುಂದಿನ ಉತ್ತರ. ಇದ್ದರೆ ಸಂತೋಷ. ಆದರೆ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೇ ಮುಗಿಯಿತು. ಈಗ ಜಿಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ಪನ್ನೂ ಅದೇ 15ರಲ್ಲಿ ಎಣಿಸುತ್ತಾರೆ. ಜಾಗ ತುಂಬಿದ ದಿನ ಅಮ್ಮನ ಫೋನಿನ ಬ್ಯಾಕಪ್ ಸದ್ದಿಲ್ಲದೆ ನಿಂತಿರುತ್ತದೆ. ಒಂದು ಎಚ್ಚರಿಕೆ ಪಟ್ಟಿ ಬರುತ್ತದೆ. ಅಮ್ಮ ಅದನ್ನು ಜಾಹೀರಾತು ಅಂದುಕೊಂಡು ಸರಿಸುತ್ತಾರೆ. ಹಂಚಿದ ಆಲ್ಬಮ್ ಒಳಗಿನ ಚಿತ್ರವೂ ಹಾಕಿದವರ ಖಾತೆಯದ್ದೇ. ಅವರು ಅಳಿಸಿದರೆ ಎಲ್ಲರಿಗೂ ಮಾಯ, ನೀವು 'ಸೇವ್' ಒತ್ತಿ ನಿಮ್ಮ ಖಾತೆಗೆ ತಂದುಕೊಂಡಿರದಿದ್ದರೆ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ತೀರಿಕೊಂಡ ತಂದೆಯ ಫೋಟೊಗಳೆಲ್ಲ ಅವರ ಖಾತೆಯಲ್ಲೇ ಇದ್ದು, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಮನೆಗಳಿವೆ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಒಂದಿದೆ, ಖಾತೆ ಬಳಸುವವರಿಲ್ಲದಾಗ ಅದರಲ್ಲಿರುವುದು ಯಾರಿಗೆ ಸಿಗಬೇಕು ಎಂದು ಹೇಳಿಡಲು. ಮಗನದೋ ಮಗಳದೋ ಹೆಸರು ಸೇರಿಸಲು ಐದು ನಿಮಿಷ ಸಾಕು. ಹಿರಿಯರ ಹತ್ತಿರ ಇದನ್ನು ಮಾತಾಡುವುದು ಅಪಶಕುನವಂತೆ. ಇರಲಿ, ಆಮೇಲೆ ಅಳುವುದು ಶುಭಶಕುನ.

ಇಷ್ಟೊತ್ತಿಗೆ ಯಾರೋ ಒಬ್ಬ ತತ್ವಜ್ಞಾನಿ ಕಾಮೆಂಟ್ ಟೈಪ್ ಮಾಡುತ್ತಿರುತ್ತಾರೆ: ನೆನಪು ಮನಸ್ಸಿನಲ್ಲಿದ್ದರೆ ಸಾಕು ಮೇಡಂ, ನಮ್ಮ ಅಜ್ಜಂದಿರ ಕಾಲದಲ್ಲಿ ಇದ್ದದ್ದೇ ಒಂದು ಫೋಟೊ. ಹೌದು ಸ್ವಾಮಿ, ಒಂದೇ ಇತ್ತು. ಅದನ್ನು ಚೌಕಟ್ಟು ಹಾಕಿಸಿ, ನಡುಮನೆಯಲ್ಲಿ ನೇತುಹಾಕಿ, ಹಬ್ಬಕ್ಕೊಮ್ಮೆ ಒರೆಸುತ್ತಿದ್ದರು. ಅದಕ್ಕೇ ಉಳಿಯಿತು. ನಿಮ್ಮ ಫೋನಿನ ಆ ರಾಶಿಯಲ್ಲಿ ಹಾಗೆ ಒರೆಸಿಟ್ಟದ್ದು ಯಾವುದು, ಹೇಳಿ ನೋಡೋಣ.

ಒರಿಜಿನಲ್ ಉಳಿದರೂ ಹೆಸರಿಲ್ಲದಿದ್ದರೆ ಅರ್ಧವೇ ಉಳಿದ ಹಾಗೆ. ಫೋಲ್ಡರಿಗೆ ವರ್ಷ ಮೊದಲು, ಆಮೇಲೆ ತಿಂಗಳು, ದಿನ, ಏನು, ಎಲ್ಲಿ: '2016-05-14 ನಾಮಕರಣ ಶಿವಮೊಗ್ಗ'. ವರ್ಷ ಮೊದಲಿದ್ದರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ದಿನ ಮೊದಲು ಬರೆದರೆ ಎಲ್ಲ ವರ್ಷದ ಒಂದನೇ ತಾರೀಖುಗಳು ಒಟ್ಟಿಗೆ ಸೇರುತ್ತವೆ. ಕನ್ನಡದಲ್ಲೇ ಬರೆಯಿರಿ, ಆದರೆ ಯುನಿಕೋಡ್‌ನಲ್ಲಿ, ಅಂದರೆ ಈಗಿನ ಫೋನು ಕಂಪ್ಯೂಟರುಗಳೆಲ್ಲ ಓದುವ ಅಕ್ಷರ ಸಂಕೇತದಲ್ಲಿ. ಇಪ್ಪತ್ತು ವರ್ಷದ ಹಿಂದೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ವಂಶವೃಕ್ಷಗಳನ್ನು ಇವತ್ತಿನ ಲ್ಯಾಪ್‌ಟಾಪಿನಲ್ಲಿ ತೆಗೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಪರಿವರ್ತಕಗಳಿವೆ, ಈಗಲೇ ಮಾಡಿಸಿಕೊಳ್ಳಿ.

ಫೋಟೊದಲ್ಲಿ ಯಾರಿದ್ದಾರೆ ಎಂದು ಬರೆಯುವಾಗ ದಯವಿಟ್ಟು 'ದೊಡ್ಡಮ್ಮ, ಮಾವ, ಪುಟ್ಟಿ' ಅನ್ನಬೇಡಿ. ಯಾರ ದೊಡ್ಡಮ್ಮ? ಬರೆದವರಿಗೆ ದೊಡ್ಡಮ್ಮ, ಅವರ ಸೋದರಮಾವನ ಮಗನಿಗೆ ಅತ್ತೆ, ಅವನ ಮಕ್ಕಳಿಗೆ ಅಜ್ಜಿ. ಬರೆದವರು ಹೋದ ಮೇಲೆ ಆ ಬರಹಕ್ಕೆ ಬೀಗದ ಕೈ ಇಲ್ಲ. ಎಡದಿಂದ ಬಲಕ್ಕೆ, ಹಿಂದಿನ ಸಾಲು, ಮುಂದಿನ ಸಾಲು, ಪೂರ್ತಿ ಹೆಸರು, ಯಾರ ಮಗಳು, ಯಾವ ಊರಿಗೆ ಕೊಟ್ಟದ್ದು. ಮಡಿಲಲ್ಲಿರುವ ಕೂಸಿಗೂ ಹೆಸರು ಹಾಕಿ. ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚು ಹಾಕುವ ಈಗಿನ ಕರಿಜ್ಮಾ ಆಲ್ಬಮ್ಮಿನಲ್ಲಿ ಈ ಗೊಡವೆಯೇ ಇಲ್ಲ ನೋಡಿ. ಪುಟಕ್ಕೆ ಏಳು ಮುಖ, ಹಿಂದೆ ಸ್ವಿಟ್ಜರ್ಲೆಂಡಿನ ಬೆಟ್ಟ, ಮೇಲೆ ಪ್ರೀತಿಯ ಬಗ್ಗೆ ಒಂದು ಇಂಗ್ಲಿಷ್ ಸಾಲು. ಮದುವೆ ಆದದ್ದು ದಾವಣಗೆರೆಯಲ್ಲಿ, ಅದು ಮಾತ್ರ ಎಲ್ಲೂ ಬರೆದಿಲ್ಲ.

ಹಳೆಯ ಪ್ರಿಂಟುಗಳ ಹಿಂದೆ ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖದ ಮೇಲೆ ಗೆರೆ ಮೂಡುತ್ತದೆ. ಜೆಲ್ ಪೆನ್ನಿನ ಶಾಯಿ ಮೇಲಿಟ್ಟ ಫೋಟೊಗೆ ಅಂಟುತ್ತದೆ. ಕಪ್ಪು ಬಿಳುಪಿನ ಹಳೇ ಕಾಗದಕ್ಕೆ ಮೆತ್ತನೆಯ ಪೆನ್ಸಿಲ್ ಸಾಕು, ಅಂಚಿನಲ್ಲಿ, ಹಗುರಾಗಿ. ಕಲರ್ ಪ್ರಿಂಟಿನ ಹಿಂಬದಿ ಪ್ಲಾಸ್ಟಿಕ್ಕಿನಂತೆ ನುಣುಪು, ಪೆನ್ಸಿಲ್ ಹಿಡಿಯುವುದಿಲ್ಲ. ಪಿಗ್ಮೆಂಟ್ ಶಾಯಿಯ ಸಣ್ಣ ಮಾರ್ಕರ್ ಬಳಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಎಂಬತ್ತು ತೊಂಬತ್ತರ ದಶಕದ, ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಮ್ ಇದ್ದರೆ ಮೊದಲು ಅದಕ್ಕೆ ಕೈ ಹಾಕಿ. ಆ ಅಂಟು ಫೋಟೊವನ್ನು ಹಳದಿ ಮಾಡುತ್ತದೆ. ಉಗುರಿನಿಂದ ಕೀಳಬೇಡಿ, ಮೂಲೆ ಮಡಚಿ ಬಣ್ಣದ ಪದರ ಸೀಳುತ್ತದೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಫೋಟೊ ಮತ್ತು ಪುಟದ ನಡುವೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಜಗ್ಗದಿದ್ದರೆ ಬಿಟ್ಟುಬಿಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಚೌಕಟ್ಟಿನ ಗಾಜಿಗೇ ಅಂಟಿಹೋದ ಫೋಟೊಗಳಿರುತ್ತವೆ. ಅವನ್ನಂತೂ ಕೀಳಲೇ ಬಾರದು. ಗಾಜು ಒರೆಸಿ, ಗಾಜಿನ ಸಮೇತವೇ ಸ್ಕ್ಯಾನ್.

ನೆಗೆಟಿವ್ ಎಸೆಯುವವರ ಮೇಲೆ ನನಗಿರುವ ಕೋಪವನ್ನು ಇಲ್ಲಿ ಬರೆದರೆ ಫೇಸ್‌ಬುಕ್ ನನ್ನನ್ನೇ ಎತ್ತಿ ಹೊರಗೆ ಹಾಕೀತು. ಮನೆ ಬದಲಿಸುವಾಗ "ಈ ಕಂದು ಪಟ್ಟಿ ಯಾಕೆ" ಎಂದು ಮೊದಲು ಕಸಕ್ಕೆ ಹೋಗುವುದೇ ಅದು. ಅಸಲು ಅದು, ಪ್ರಿಂಟು ನಕಲು. 36x24 ಮಿಲಿಮೀಟರಿನ ಆ ತುಣುಕನ್ನು 3200 ಡಿಪಿಐಯಲ್ಲಿ (ಇಂಚಿಗೆ ಅಷ್ಟು ಚುಕ್ಕೆ) ಸ್ಕ್ಯಾನ್ ಮಾಡಿದರೆ ಸುಮಾರು 4500x3000 ಪಿಕ್ಸೆಲ್ ಸಿಗುತ್ತದೆ, ಆ 12 ಮೆಗಾಪಿಕ್ಸೆಲ್ ಫೋನಿಗಿಂತ ಹೆಚ್ಚು. ಅಂಚು ಹಿಡಿದು ಎತ್ತಿ, ಮಧ್ಯ ಮುಟ್ಟಬೇಡಿ. ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟು ಇದ್ದರೆ ಅದರ ಮೇಲಿನ ಪಾರದರ್ಶಕ ಕಿಟಕಿಯಿಂದ ಟೇಪಿನ ಸುರುಳಿಯ ಅಂಚು ನೋಡಿ. ಬೂದಿ ಹಚ್ಚಿದಂತೆ ಬಿಳಿ ಇದ್ದರೆ ಅದು ಬೂಷ್ಟು; ಪ್ಲೇಯರಿಗೆ ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಈ ಕ್ಯಾಸೆಟ್ಟು ಓಡಿಸುವ ವಿಸಿಆರ್ ಯಂತ್ರಗಳ ತಯಾರಿಕೆ 2016ರಲ್ಲೇ ನಿಂತಿದೆ, ರಿಪೇರಿ ಮಾಡುವ ಕೈಗಳೂ ಕಮ್ಮಿಯಾಗುತ್ತಿವೆ. ಮುಂದಿನ ರಜೆಗೆ ಅಂತ ತಳ್ಳಬೇಡಿ.

ಇಡುವುದೆಲ್ಲಿ? ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಬೇರೆ ಊರಿನಲ್ಲಿ. ದೂರದೂರಲ್ಲಿರುವ ಮಕ್ಕಳು ಇದಕ್ಕಾದರೂ ಉಪಯೋಗಕ್ಕೆ ಬರಲಿ. ಪೆನ್‌ಡ್ರೈವ್ ಸಾಗಿಸಲಿಕ್ಕೆ, ಇಡಲಿಕ್ಕಲ್ಲ. ಹಾರ್ಡ್‌ಡಿಸ್ಕನ್ನು ವರ್ಷಕ್ಕೆರಡು ಸಲ ಹಚ್ಚಿ ನಾಲ್ಕು ಕಡತ ತೆರೆದು ನೋಡಿ. ಊರು ಬದಲಿಸುವಾಗ ಎರಡು ಡಿಸ್ಕೂ ಒಂದೇ ಲಾರಿಗೆ ಹಾಕಬೇಡಿ. ಆಲ್ಬಮ್ ಕೈಚೀಲದಲ್ಲಿ, ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆಗಂತೂ ಬೇಡವೇ ಬೇಡ.

ಸಮಾರಂಭಕ್ಕೆ ಅಡುಗೆಯವರು, ಪುರೋಹಿತರು, ಡ್ರೋನಿನವನು (ಆ ಸದ್ದಿನಲ್ಲಿ ಮಂತ್ರ ಕೇಳಿಸಲ್ಲ, ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ) ಎಲ್ಲರನ್ನೂ ಗೊತ್ತು ಮಾಡುತ್ತೀರಿ. ಫೋಟೊ ಒಟ್ಟುಮಾಡಲು ಒಬ್ಬರನ್ನು ಗೊತ್ತು ಮಾಡಿ, ಹೆಸರು ಹೇಳಿ. "ಎಲ್ಲರೂ ಹಾಕಿ" ಅಂದರೆ ಯಾರೂ ಹಾಕಲ್ಲ. ಅದೇ ಸಂಜೆ, ನೆಂಟರು ಬಸ್ಸು ವಿಮಾನ ಹತ್ತುವ ಮೊದಲು, ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಪ್ರತಿ ಫೋನಿನಿಂದ ಒರಿಜಿನಲ್ ಇಳಿಸಿಕೊಳ್ಳಿ. ಐಫೋನಿನ ಚಿತ್ರ ಎಚ್‌ಇಐಸಿ ಎಂಬ ಕಡತ ರೂಪದಲ್ಲಿ ಬಂದರೆ ಹಾಗೇ ಇಟ್ಟು, ಪಕ್ಕದಲ್ಲಿ ಎಲ್ಲ ಕಡೆ ತೆರೆಯುವ ಒಂದು ಜೆಪಿಜಿ ನಕಲು ಮಾಡಿ. ವಿಡಿಯೊ ಕಾಲ್‌ನಲ್ಲಿ ನೋಡುವವರಿಗಾಗಿ ಹಿಡಿದ ಫೋನು ರೆಕಾರ್ಡಿಗೆ ಸಾಲದು. ಇನ್ನೊಂದು ಫೋನು ಸ್ಟ್ಯಾಂಡಿಗೆ ಹಾಕಿ, ಏರೋಪ್ಲೇನ್ ಮೋಡ್‌ನಲ್ಲಿ. ಇಲ್ಲದಿದ್ದರೆ ಸರಿಯಾಗಿ ಹೆಸರು ಹೇಳುವ ಹೊತ್ತಿಗೆ ಯಾವುದೋ ಲೋನಿನ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ.

ಯಾವ ಸ್ಕ್ಯಾನರ್ ಕೊಳ್ಳಲಿ ಎಂದು ಇನ್‌ಬಾಕ್ಸಿಗೆ ಬರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಪ್ರಿಂಟಿಗಾದರೆ ಗಾಜಿನ ಮೇಲೆ ಫೋಟೊ ಮಲಗಿಸುವ ಸಾಮಾನ್ಯ ಫ್ಲಾಟ್‌ಬೆಡ್ ಸಾಕು, 600 ಡಿಪಿಐ, 'ಆಟೊ ಎನ್‌ಹ್ಯಾನ್ಸ್' ಆಫ್. ನೆಗೆಟಿವ್ ಇದ್ದರೆ ಮುಚ್ಚಳದಲ್ಲಿ ದೀಪ ಇರುವುದೇ ಬೇಕು. ಕಾಗದ ಎಳೆದುಕೊಳ್ಳುವ ಆಫೀಸ್ ಸ್ಕ್ಯಾನರಿಗೆ ಅಜ್ಜಿಯ ಫೋಟೊ ತೂರಿಸಬೇಡಿ, ಪ್ಲೀಸ್.