ಸಿಗಂದೂರಿಗೆ ಸೇತುವೆ ಬಂತು, ನಮ್ಮ ಕಾಲುಸಂಕಗಳ ಗತಿ ಏನು?

ಸಿಗಂದೂರು ಸೇತುವೆ ಮೇಲೆ ನಿಂತು ತೆಗೆದ ಫೋಟೋಗಳು ಇನ್ನೂ ಬರುತ್ತಲೇ ಇವೆ. ನೋಡಿದಾಗೆಲ್ಲ ಖುಷಿಯಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತ ಮೇಲೆ, ಆಚೆ ದಡದ ಸಿಗಂದೂರು, ತುಮರಿ ಕಡೆಯವರಿಗೆ ಸಾಗರ ಪೇಟೆ ದೂರವಾಯಿತು. ಲಾಂಚ್ ಸಿಕ್ಕರೆ ದಾಟಬೇಕು, ಇಲ್ಲದಿದ್ದರೆ ಕಾರ್ಗಲ್ ಕಡೆಯಿಂದ ಸುತ್ತಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ದೊಡ್ಡ ವಾಹನ ಹತ್ತಿಸುತ್ತಿರಲಿಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಆ ಮನೆಯವರ ಪಾಡು ಯೋಚಿಸಿ. 2025ರ ಜುಲೈ 14ರಂದು ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ನಾಡಿಗೆ ಬೆಳಕು ಕೊಡಲು ಜಮೀನು ಬಿಟ್ಟವರು ಅರವತ್ತು ವರ್ಷ ಕಾದರು.

ನನ್ನ ಚಿಂತೆ ಇರುವುದು ಕ್ಯಾಮೆರಾ ಹೋಗದ ಕಡೆ. ಮಲೆನಾಡು, ಕರಾವಳಿಯ ಹಳ್ಳಗಳ ಮೇಲೆ ಇವತ್ತಿಗೂ ಅಡಿಕೆ ಮರದ ಸಂಕಗಳೇ, ಅಂದರೆ ನಡೆದು ದಾಟುವ ಕಿರುಸೇತುವೆಗಳೇ ಇವೆ. ಮಳೆಗಾಲಕ್ಕೆ ಮುಂಚೆ ಅಕ್ಕಪಕ್ಕದ ಮನೆಯವರು ಸೇರಿ ನಾಲ್ಕೈದು ಮರ ಕಡಿದು ಅಡ್ಡ ಹಾಕುತ್ತಾರೆ. ಹಗ್ಗವೋ ಬಳ್ಳಿಯೋ ಬಿಗಿದು, ಹಿಡಿಯಲು ಒಂದು ಬಿದಿರು ಕಟ್ಟುತ್ತಾರೆ. ಆಷಾಢದ ಹೊತ್ತಿಗೆ ಅದರ ಮೇಲೆ ಪಾಚಿ. ಕೆಳಗೆ ಕೆಂಪು ನೀರು ಭೋರೆಂದು ಹೋಗುತ್ತಿರುತ್ತದೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಕೊಡೆ ಹಿಡಿದ ಮಗು ಅದರ ಮೇಲೆ ನಡೆಯಬೇಕು. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿ ಇಂಥದೇ ಸಂಕದಿಂದ ಜಾರಿ ಬಿದ್ದು ತೀರಿಕೊಂಡಳು. ಆಗ ಎಲ್ಲರೂ ಮಾತಾಡಿದರು. ಆಮೇಲೆ?

ನಮ್ಮ ಕಡೆಯ ಸಂಕಕ್ಕೆ ಅರ್ಜಿ ಹಿಡಿದುಕೊಂಡು ಹೋದಾಗ ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಆಚೆ ಎಷ್ಟು ಮನೆ ಇದೆ?" ನನಗೆ ಸಿಟ್ಟು ಬರುವುದು ಇಲ್ಲೇ. ಮಲೆನಾಡಿನಲ್ಲಿ ಊರು ಅಂದರೆ ಒಂದೊಂದು ಗುಡ್ಡದ ಬುಡಕ್ಕೆ ಒಂದೊಂದು ಮನೆ. ತಲೆ ಎಣಿಸಿ ಸಂಕ ಕೊಡುತ್ತೇವೆ ಅಂದರೆ ನಮಗೆ ಯಾವತ್ತೂ ಸಿಗುವುದಿಲ್ಲ. ಆ ಹಳ್ಳ ದಾಟುವ ಒಂದು ಶಾಲೆ ಮಗು ಇದ್ದರೂ ಸಾಕು, ಅಲ್ಲಿ ಸಂಕ ಬೇಕು.

ಆಗದ ಕೆಲಸವೇನಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಜಾಸ್ತಿ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಹೊಳೆಯ ನಡುವೆ ಕಂಬ ಇಲ್ಲದಿದ್ದರೆ ತೇಲಿ ಬರುವ ಮರದ ದಿಮ್ಮಿ ಸಿಕ್ಕಿಕೊಳ್ಳುವುದಿಲ್ಲ, ಖರ್ಚೂ ಕಡಿಮೆ. ಹಾಗಂತ ಎಲ್ಲ ಕಡೆಗೂ ಅದೇ ಸರಿ ಅನ್ನುತ್ತಿಲ್ಲ. 2019ರ ನೆರೆಯಲ್ಲಿ ಅಂಕೋಲಾದ ರಾಮನಗುಳಿ ತೂಗುಸೇತುವೆಯನ್ನೇ ಗಂಗಾವಳಿ ಕೊಂಡೊಯ್ದಳು. ದೊಡ್ಡ ಹೊಳೆಯಲ್ಲಿ ನೆರೆ ಎಷ್ಟು ಮೇಲೆ ಬರುತ್ತದೆ ಅಂತ ದಡದ ಹಿರಿಯರನ್ನು ಕೇಳಿಯೇ ಎತ್ತರ ತೀರ್ಮಾನಿಸಬೇಕು. ಸಣ್ಣ ಹಳ್ಳಕ್ಕೆ ಕಾಂಕ್ರೀಟ್ ಸಂಕ ಸಾಕು. ಹಲಗೆ ಹಾಕಿ ಹಳ್ಳದ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಕಟ್ಟುವ ಕಡೆ ಮೇಲಿನ ಹಾಸು ಸ್ವಲ್ಪ ಅಗಲ ಮಾಡಿದರೆ ಬೇಸಿಗೆಗೆ ನೀರೂ ನಿಲ್ಲುತ್ತದೆ, ಆಚೆಗೆ ಬೈಕೂ ಹೋಗುತ್ತದೆ.

ಕಟ್ಟಿ ಬಿಟ್ಟರೂ ಆಗಲಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. ಹೆದ್ದಾರಿಯ ಸೇತುವೆಗೇ ಈ ಗತಿಯಾದರೆ ಹಳ್ಳಿ ಸಂಕದ ತುಕ್ಕು ಹಿಡಿದ ಕಂಬಿ ಯಾರು ನೋಡುತ್ತಾರೆ?

'ಶಾಲಾ ಸಂಪರ್ಕ ಸೇತು' ಅಂತ ಸರ್ಕಾರದ ಯೋಜನೆಯೇ ಇದೆ. ಅದರಲ್ಲಿ ನಿಮ್ಮೂರಿನ ಸಂಕ ಸೇರಿದೆಯಾ ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಸೇರಿಲ್ಲದಿದ್ದರೆ ಅಲ್ಲೇ ನಡಾವಳಿಯಲ್ಲಿ ಬರೆಸಿ. ಅದರ ಪ್ರತಿ ತೆಗೆದುಕೊಂಡು ಶಾಸಕರ ಕೈಗೆ ಕೊಡಿ. ಈ ಕೆಲಸ ಮಳೆ ಹಿಡಿಯುವ ಮುಂಚೆ ಆಗಬೇಕು, ಜೂನ್ ಬಂದ ಮೇಲೆ ಯಾರೂ ಹಳ್ಳಕ್ಕೆ ಇಳಿದು ಪಾಯ ತೋಡುವುದಿಲ್ಲ.