ಟೀಚರ್ ಮೊದಲು ಪಾಠ ಮಾಡಿದ್ದು ನನ್ನ ಅಣ್ಣನಿಗೆ

ಅಣ್ಣನ ಮಗಳಿಗೆ ಈಗ 9 ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಮಾತು ನಾಲ್ಕೈದು, ಹಟ ನೂರಾರು. ನಾವೆಲ್ಲ ಪುಟ್ಟಿ ಅಂತಲೇ ಕರೆಯುವುದು.

ಅವರ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. ರಸ್ತೆಯಿಂದ ಒಳಗೆ ಕಾಲುಸಂಕ ದಾಟಿ ಹೋಗಬೇಕು. ಮಳೆಗಾಲದಲ್ಲಿ ತೋಡು ತುಂಬಿದರೆ ಕೊರಿಯರಿನವರು "ನೀವೇ ರಸ್ತೆಗೆ ಬನ್ನಿ" ಅಂತ ಫೋನ್ ಮಾಡುತ್ತಾರೆ. ಅಂಥ ಮನೆಗೆ ಎರಡು ವರ್ಷದಿಂದ ಒಬ್ಬರು ಟೀಚರ್ ಬರುತ್ತಿದ್ದಾರೆ. ಬಿಐಇಆರ್‌ಟಿ ಅನ್ನುತ್ತಾರೆ ಇವರಿಗೆ, ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಇಡೀ ಬ್ಲಾಕಿಗೆ ಇರುವ ಟೀಚರ್. ಅವರಿಗೆ ಅಂತ ಒಂದು ಶಾಲೆ, ಒಂದು ಕ್ಲಾಸು ಇಲ್ಲ. ಬಿಆರ್‌ಸಿಯಿಂದ, ಅಂದರೆ ಬ್ಲಾಕಿನ ಸಂಪನ್ಮೂಲ ಕೇಂದ್ರದಿಂದ, ಹೊರಟು ಶಾಲೆ ಶಾಲೆ ಸುತ್ತುವುದು, ಶಾಲೆಗೆ ಬರಲಾಗದ ಮಕ್ಕಳಿದ್ದರೆ ಮನೆಗೇ ಹೋಗುವುದು. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಕೊಡೆ, ಬಸ್ಸು ಸಿಕ್ಕಿದರೆ ಬಸ್ಸು, ಇಲ್ಲದಿದ್ದರೆ ನಡಿಗೆ.

ನಿಜ ಹೇಳಿಬಿಡುತ್ತೇನೆ. ನಾನು ಆಗ ಅಣ್ಣನಿಗೆ ಹೇಳಿದ್ದು, "ಇವರು ಬರೋದು ಫೋಟೊ ತೆಗೀಲಿಕ್ಕೆ ಮಾರಾಯ. ಸಹಿ ಹಾಕಿಸಿಕೊಂಡು ಚಾ ಕುಡಿದು ಹೋಗ್ತಾರೆ."

ಫೋಟೊ ತೆಗೆದದ್ದು ಹೌದು, ಚಾ ಕುಡಿದದ್ದೂ ಹೌದು. ಆದರೆ ಮೊದಲ ದಿನ ಪುಟ್ಟಿಗೆ ಒಂದಕ್ಷರ ಹೇಳಿಕೊಡಲಿಲ್ಲ. ಅವಳು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೇ ನೋಡುತ್ತಾ ಕೂತರು. ಅತ್ತಿಗೆ ರವಿಕೆ ಹೊಲಿಯುವ ಟೇಪು ಕೇಳಿ ತಗೊಂಡು ಮಗುವಿನ ಮೊಣಕಾಲಿನಿಂದ ಪಾದದವರೆಗೆ ಅಳೆದರು. ಆಮೇಲೆ ಅಣ್ಣನಿಗೆ ಶುರುವಾಯಿತು ಪಾಠ. "ಕಾಲು ಹೀಗೆ ನೇತಾಡ್ತಾ ಇದ್ರೆ ಬೀಳ್ತೇನೆ ಅಂತ ಹೆದರಿಕೆ ಆಗ್ತದೆ. ಎರಡೂ ಕೈಯಲ್ಲಿ ಕುರ್ಚಿ ಹಿಡ್ಕೊಂಡಿದ್ದಾಳೆ ನೋಡಿ. ಪೆನ್ಸಿಲ್ ಹಿಡೀಲಿಕ್ಕೆ ಮೂರನೇ ಕೈ ಎಲ್ಲಿಂದ ತರೋದು?"

ಏಳು ವರ್ಷ ನಾವೆಲ್ಲ ನೋಡಿದ್ದೆವು. ಯಾರಿಗೂ ಕಂಡಿರಲಿಲ್ಲ. ಅಣ್ಣ ಹಳೆಯ ಮರದ ಕುರ್ಚಿಯ ಕಾಲು ಗರಗಸದಲ್ಲಿ ಕೊಯ್ದ. ಪಾದ ನೆಲಕ್ಕೆ ತಾಗಿತು. ಪಕ್ಕಕ್ಕೆ ಎರಡು ದಿಂಬು. ಅಷ್ಟೇ. ಪುಟ್ಟಿಯ ಬಲಗೈ ಬಿಡುವಾಯಿತು.

ಆ ಕೈಗೆ ಕೆಲಸ ಕೊಟ್ಟದ್ದು ಮಲ್ಲಿಗೆ. ನಮ್ಮ ಕಡೆ ಗೊತ್ತಲ್ಲ, ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರಿಗೆ ಮುಟ್ಟಿಸುವವರೆಗೆ ಅತ್ತಿಗೆಗೆ ತಲೆ ಎತ್ತಲಿಕ್ಕೂ ಪುರುಸೊತ್ತಿಲ್ಲ. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಟೀಚರ್ ತಂದಿದ್ದ ಬಣ್ಣದ ಮಣಿಗಳನ್ನು ಪುಟ್ಟಿ ಎಸೆದುಬಿಟ್ಟಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅತ್ತಿಗೆಯ ಬುಟ್ಟಿಯಿಂದ ಹಿಡಿ ಮೊಗ್ಗು ತೆಗೆದು ತಟ್ಟೆಗೆ ಹಾಕಿದರು. ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದೊಂದೇ ಎತ್ತಿ ಲೋಟಕ್ಕೆ ಹಾಕುವುದು. ಜೋರು ಹಿಡಿದರೆ ಮೊಗ್ಗು ಜಜ್ಜುತ್ತದೆ, ಸಡಿಲ ಹಿಡಿದರೆ ಬೀಳುತ್ತದೆ. ದಿನಕ್ಕೆ ಹಾಳಾದ ಮೊಗ್ಗಿನ ಲೆಕ್ಕ ಅತ್ತಿಗೆ ಇಟ್ಟಿದ್ದಾಳೆ, ಅದು ಬೇರೆ ವಿಷಯ! ನಾಲ್ಕು ತಿಂಗಳಲ್ಲಿ ಪುಟ್ಟಿ ಹತ್ತರವರೆಗೆ ಎಣಿಸಿದಳು. ಬಾಯಲ್ಲಿ ಅಲ್ಲ, ಮೊಗ್ಗಿನಲ್ಲಿ.

ಮಾತಿಗೆ ಚಿತ್ರದ ಕಾರ್ಡು ತಂದಿದ್ದರು. ಕೆಳಗೆ 'ಊಟ', 'ಹೊರಗೆ' ಅಂತ ಕನ್ನಡದಲ್ಲಿತ್ತು. ಮನೆಯಲ್ಲಿ ಮಾತಾಡುವುದು ತುಳು. ಟೀಚರ್ ಬಯಲುಸೀಮೆಯವರು, ತುಳು ಬಾರದು. ಅಮ್ಮನ ಹತ್ತಿರ ಕೇಳಿ ಕೇಳಿ ಕಾರ್ಡಿನ ಮೇಲೆ 'ವಣಸ್', 'ಪಿದಾಯಿ' ಅಂತ ಬರೆದುಕೊಂಡರು. ಅವರ ಬಾಯಲ್ಲಿ 'ಪಿದಾಯಿ' ಕೇಳಿ ಅಮ್ಮ ನಕ್ಕದ್ದೇ ನಕ್ಕದ್ದು. ಪುಟ್ಟಿ ತಾನಾಗಿ ಎತ್ತಿ ಕೊಟ್ಟ ಮೊದಲ ಕಾರ್ಡು ಅದೇ. ಪಿದಾಯಿ. ಹೊರಗೆ.

ನಾನು ಬರೆಯಲು ಕೂತದ್ದು ಇದಕ್ಕೇ. ಪುಟ್ಟಿಯ ಹೆಸರು ಶಾಲೆಯ ಹಾಜರಿಯಲ್ಲಿತ್ತು. ಆದರೆ ಶಾಲೆಯವರು ಹೇಳಿದ್ದು, "ಮನೆಯಲ್ಲೇ ಇರಲಿ, ಹೇಗೂ ಟೀಚರ್ ಬರ್ತಾರಲ್ಲ." ಕೇಳಲಿಕ್ಕೆ ಒಳ್ಳೆಯ ಮಾತು. 2012ರ ತಿದ್ದುಪಡಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ಮನೆಯಲ್ಲೇ ಕಲಿಯುವ ಅವಕಾಶ ಸೇರಿತು, ಹೌದು. ತೀವ್ರ ಅಥವಾ ಒಂದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ ಮಕ್ಕಳಿಗೆ. ಆದರೆ ಅದು ಮಗುವಿನ ಹಕ್ಕು. ಶಾಲೆ ಕೈ ತೊಳೆದುಕೊಳ್ಳಲಿಕ್ಕೆ ಇರುವ ದಾರಿ ಅಲ್ಲ. ಮನೆಗೆ ಬರುವ ಟೀಚರೇ ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. "ನಾನು ವಾರಕ್ಕೆ ಒಂದು ಸಲ ಬರ್ತೇನೆ. ಉಳಿದ ದಿನ ಅವಳಿಗೆ ಜಗಳ ಆಡ್ಲಿಕ್ಕೆ ಯಾರಿದ್ದಾರೆ?"

ವಾರಕ್ಕೊಮ್ಮೆ ಅಂದರೂ ಅದು ಪುಸ್ತಕದ ಲೆಕ್ಕ. ಸಮೀಕ್ಷೆ ಡ್ಯೂಟಿ ಅಂತ ಒಮ್ಮೆ ಮೂರು ವಾರ ಬರಲಿಲ್ಲ. ಪುಟ್ಟಿ ಲೋಟ ಎಸೆಯುವುದಕ್ಕೆ ವಾಪಸ್ ಹೋದಳು. ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು, ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಅಂತ. ಅಷ್ಟು ಜನ ಸಿಗುವವರೆಗೆ ಇರುವವರೇ ಬ್ಲಾಕಿನ ಶಾಲೆಗಳನ್ನು ಸುತ್ತಲಿ ಅಂತಲೂ ಹೇಳಿತು. ನಮಗೆ ಆ ಎರಡನೇ ಮಾತು ಮಾತ್ರ ಚೆನ್ನಾಗಿ ಕೇಳಿಸಿದೆ. ತಾತ್ಕಾಲಿಕ ಅಂದದ್ದು ಖಾಯಂ ಆಗಿ ಕೂತಿದೆ. ಟೀಚರ್ ಒಮ್ಮೆ ಪರ್ಸಿನಿಂದ ಬಸ್ ಟಿಕೆಟಿನ ಕಟ್ಟು ತೆಗೆದು ತೋರಿಸಿದರು. ನನಗೆ ಮಾತೇ ಬರಲಿಲ್ಲ.

ಸರಿ, ಶಾಲೆಯ ಕಥೆ. ಹೆಡ್ ಟೀಚರಿಗೆ ಹೆದರಿಕೆ, ಬಿದ್ದು ಗಾಯ ಆದರೆ ಯಾರು ಜವಾಬ್ದಾರಿ ಅಂತ. ಅವರನ್ನು ಬಯ್ಯಲಿಕ್ಕೆ ನನಗೆ ಮನಸ್ಸಿಲ್ಲ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಮ್ಮ ಟೀಚರ್ ಹೋಗಿ ಎರಡು ದಿನ ಅವರ ಕ್ಲಾಸಿನಲ್ಲೇ ಕೂತರು. ಹೇಗೆ ಎತ್ತುವುದು, ಹೇಗೆ ಕೂರಿಸುವುದು, ಪಕ್ಕದ ಮಕ್ಕಳು ಏನು ಮಾಡಬಹುದು, ಎಲ್ಲ ಮಾಡಿ ತೋರಿಸಿದರು. ಕಾಲು ಕೊಯ್ದ ಕುರ್ಚಿ ಈಗ ಶಾಲೆಯಲ್ಲಿದೆ. ಪುಟ್ಟಿ ವಾರಕ್ಕೆ ಮೂರು ದಿನ ಹೋಗುತ್ತಾಳೆ, ಅಣ್ಣ ಸಂಕದವರೆಗೆ ಎತ್ತಿಕೊಂಡು, ಅಲ್ಲಿಂದ ರಿಕ್ಷಾದಲ್ಲಿ.

ಮೊನ್ನೆ ಟೀಚರ್ ಹತ್ತಿರ ಕೇಳಿದೆ, ನಮ್ಮಿಂದ ಏನಾದರೂ ಆಗಬೇಕಾ ಅಂತ. ಸಂಬಳ, ಗಾಡಿ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ.

"ಶಾಲೆಯ ಶೌಚಾಲಯದ ಬಾಗಿಲು ಒಳಗೆ ತೆರೀತದೆ. ವೀಲ್‌ಚೇರ್ ಒಳಗೆ ಹೋದ ಮೇಲೆ ಬಾಗಿಲು ಹಾಕ್ಲಿಕ್ಕೆ ಆಗೋದಿಲ್ಲ. ಅದನ್ನು ತಿರುಗಿಸಿ ಹೊರಗೆ ತೆರೆಯೋ ಹಾಗೆ ಮಾಡಿಸಿ ಕೊಡಿ" ಅಂದರು.

ಶನಿವಾರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗ್ ಇದೆ. ಮರಗೆಲಸದ ಆಚಾರಿಯವರಿಗೆ ಹೇಳಿ ಆಗಿದೆ, ಅವರೂ ಬರುತ್ತಾರೆ. ನಾನೂ ಹೋಗುತ್ತಿದ್ದೇನೆ.